ಮಣ್ಣೂರಿನ ಚುಕ್ಕಿ ಗೆರೆ

ಅಫಜಲಪುರದ ಬಸ್ಸಿನಲ್ಲಿ ನನ್ನ ನೀಲಿ ಡಬ್ಬಿಯ ಮೇಲೆ ಮಂದಿ ಕೂತುಬಿಟ್ಟದ್ದು ಒಂದೆರಡು ಸಲವಲ್ಲ. ಒಳಗೆ ಐಸ್, ಐಸಿನ ನಡುವೆ ರಕ್ತದ ಸಣ್ಣ ನಳಿಕೆಗಳು. ನೋಡುವವರಿಗೆ ಅದು ಐಸ್‌ಕ್ಯಾಂಡಿ ಮಾರುವವರ ಡಬ್ಬಿಯ ಹಾಗೆಯೇ ಕಾಣುತ್ತಿತ್ತು. ಚೌಡಾಪುರದಲ್ಲಿ ಹತ್ತಿದ ಮುದುಕಿಯೊಬ್ಬಳು ಒಮ್ಮೆ, "ಐಸ್‌ಕ್ಯಾಂಡಿ ಹೆಂಗ ಕೊಡ್ತಿ ಬೇ?" ಎಂದು ಕೇಳಿದಳು. "ರಕ್ತ ಅದ ಆಯಿ" ಅಂದೆ. ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತಳು. ಅವತ್ತು ಅಫಜಲಪುರದ ತನಕ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ, ಆರಾಮಾಗಿ ಹೋದೆ.

ನಾನು ಭೂಸನೂರದವಳು. ಅಪ್ಪ ಮೊದಲು ಕಬ್ಬು ಕಡಿಯುತ್ತಿದ್ದ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ. ನಾನು ಆಳಂದದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಲೇ ಓದಿ, ಡಾಕ್ಟರೇಟ್ ಮುಗಿಸಿ, ಅದಾದ ಮೇಲೂ ಓದನ್ನು ಬಿಡದವಳು. ಇದಕ್ಕೆ ಪೋಸ್ಟ್‌ಡಾಕ್ಟೋರಲ್ ಸಂಶೋಧನೆ ಎನ್ನುತ್ತಾರೆ. ಅವ್ವನ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರಿದೆ. "ಡಾಕ್ಟರ್ ಆದಿ ಅಂದ್ರು, ಊರೆಲ್ಲಾ ಪೇಡೆ ಹಂಚಿದೆ. ಒಬ್ಬರಿಗೂ ಗುಳಗಿ ಕೊಡೂದಿಲ್ಲ ನೀ. ಇದೆಂಥ ಡಾಕ್ಟರಕೀ ಬೇ?" ಇವತ್ತಿಗೂ ಹಬ್ಬಕ್ಕೆ ಹೋದಾಗೆಲ್ಲ ಈ ಪ್ರಶ್ನೆ ನನಗಾಗಿ ಕಾದಿರುತ್ತದೆ.

ನನ್ನ ವಿಷಯ ಮಕ್ಕಳ ಎಲುಬು. ಹುಟ್ಟಿನಿಂದಲೇ ಬಂದ, ಮನೆತನದಲ್ಲಿ ಹರಿದು ಬಂದ ಕಾರಣಕ್ಕೆ ನೆಟ್ಟಗೆ ಬೆಳೆಯದ ಎಲುಬುಗಳು. ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕು ನನ್ನ ಪಾಲಿಗೆ. ಊರೂರಿಗೆ ಹೋಗಿ ಅಂಥ ಮಕ್ಕಳನ್ನು ಹುಡುಕಬೇಕು, ಮನೆತನದ ನಕ್ಷೆ ಬರೆಯಬೇಕು, ಮಗು ಮತ್ತು ತಂದೆತಾಯಿಗಳ ರಕ್ತ ತೆಗೆದು ಹೈದರಾಬಾದಿನ ನಮ್ಮ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಬಿಸಿಲಿನಲ್ಲಿ ಇದು ನಿನ್ನಿಂದಾಗುವ ಕೆಲಸವಲ್ಲ ಎಂದು ಒಬ್ಬರು ಹೇಳಿದ್ದರು. ಹಾಗೆ ಹೇಳದೇ ಹೋಗಿದ್ದರೆ ನಾನು ಬರುತ್ತಿದ್ದೆನೋ ಇಲ್ಲವೋ. ಆಗುವುದಿಲ್ಲ ಎಂದವರ ಮುಂದೆ ಮಾಡಿ ತೋರಿಸುವ ಕೆಟ್ಟ ಚಟ ನನಗೆ ಸಣ್ಣವಳಿದ್ದಾಗಿನಿಂದ ಇದೆ.

ಮಣ್ಣೂರಿನ ಆ ಮನೆಗೆ ನನ್ನನ್ನು ಕರೆದೊಯ್ದದ್ದು ಊರಿನ ಆಶಾ ಕಾರ್ಯಕರ್ತೆ. ಭೀಮಾ ಹೊಳೆಗೆ ಹತ್ತಿರದ ಮನೆ, ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಪ್ರವಾಹದ ಗುರುತು ಇನ್ನೂ ಇತ್ತು. ಗಂಡ ಹೆಂಡತಿ ಒಕ್ಕಲುತನದವರು, ಜೊತೆಗೆ ಗಂಡನ ತಾಯಿ. ಅವರಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಮುದುಕಿ ಮೊದಲು ಕೇಳಿದ್ದು, "ಯಾವ ಮಂದಿರಿ ನೀವು?" ಎಂದು. "ಬೌದ್ಧರು ರಿ, ಭೂಸನೂರದವ್ರು" ಅಂದೆ. ಚಹಾ ಬಂತು, ಸ್ವಲ್ಪ ತಡವಾಗಿ ಬಂತು. ಮುಂದಿನ ಸಲಗಳಲ್ಲಿ ತಡವಾಗಲಿಲ್ಲ, ಅದನ್ನೂ ಹೇಳಬೇಕು.

ಹುಡುಗಿ ಹೊಸ್ತಿಲ ಹತ್ತಿರ ಕೂತು ನೋಟ್‌ಬುಕ್ಕಿಗೆ ಅಂಚಿನ ಗೆರೆ ಹಾಕುತ್ತಿದ್ದಳು. ಬೆರಳಿನ ಕೀಲುಗಳೆಲ್ಲ ಗಂಟುಗಂಟಾಗಿದ್ದವು, ಪೂರ್ತಿ ಮಡಚುತ್ತಿರಲಿಲ್ಲ. ಪೆನ್ನನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿ, ಸ್ಕೇಲನ್ನು ಎಡಗೈ ಮುಂಗೈಯಿಂದ ಒತ್ತಿ ಹಿಡಿದು, ಮೇಲಿನಿಂದ ಕೆಳಗಿನ ತನಕ ಒಂದೇ ಎಳೆತದಲ್ಲಿ ಗೆರೆ ಎಳೆಯುತ್ತಿದ್ದಳು. ಪಕ್ಕದಲ್ಲಿ ಏಳೆಂಟು ನೋಟ್‌ಬುಕ್ಕು, ಎಲ್ಲ ಬೇರೆಯವರವು. ಕ್ಲಾಸಿನ ಅರ್ಧ ಹುಡುಗರಿಗೆ ಗೆರೆ ಹಾಕಿ ಕೊಡುವವಳು ಇವಳೇ ಎಂದು ಆಶಾ ಕಾರ್ಯಕರ್ತೆ ಹೇಳಿದಳು. ನಾನು ಅವಳೆದುರು ಕೂತು ಮನೆತನದ ನಕ್ಷೆ ಬರೆಯತೊಡಗಿದೆ. ಹೆಂಗಸಾದರೆ ದುಂಡಗಿನ ಗುರುತು, ಗಂಡಸಾದರೆ ಚೌಕ, ಗಂಡಹೆಂಡಿರ ನಡುವೆ ಅಡ್ಡಗೆರೆ, ಅಲ್ಲಿಂದ ಮಕ್ಕಳಿಗೆ ಇಳಿಗೆರೆ. ಹುಡುಗಿ ಕತ್ತು ಚಾಚಿ ನೋಡಿದಳು.

"ಸೊಟ್ಟ ಆಗ್ಯಾದ್ರಿ ಮೇಡಮ್. ಸ್ಕೇಲ್ ತಂದಿಲ್ಲೇನ್ರಿ?"

ಇಲ್ಲ ಅಂದೆ. ಇಷ್ಟು ಓದಿ ಒಂದು ಸ್ಕೇಲಿಲ್ಲವಲ್ಲ ಎನ್ನುವಂತೆ ಒಂದು ನೋಟ ಬಂತು. ತನ್ನ ಸ್ಕೇಲು ಮಾತ್ರ ಕೊಡಲಿಲ್ಲ.

ತಾಯಿ ಟ್ರಂಕಿನಿಂದ ಎಕ್ಸ್‌ರೇಗಳ ಕಟ್ಟು ತೆಗೆದಳು. ನಾಲ್ಕನೆಯ ವರ್ಷಕ್ಕೆ ಹುಡುಗಿಯ ಬೆರಳು ಬಾತಂತೆ ಕಂಡಾಗ ತೆಗೆಸಿದ್ದರಿಂದ ಹಿಡಿದು ಹೋದ ತಿಂಗಳಿನದರ ತನಕ ಒಂದೂ ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಳು. ಬಾಗಿಲ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡುತ್ತ ಹೋದೆ. ಐದು ವರ್ಷದಿಂದ ಇದನ್ನು ಸಂಧಿವಾತ ಎಂದು ತಿಳಿದು ತಾಲೂಕಿನ ಒಬ್ಬ ಖಾಸಗಿ ಡಾಕ್ಟರು ದಿನಾ ಸ್ಟಿರಾಯ್ಡ್ ಗುಳಿಗೆ, ತಿಂಗಳಿಗೊಮ್ಮೆ ಸೂಜಿ ಕೊಡುತ್ತಿದ್ದರು. ಸಂಧಿವಾತದಲ್ಲಿ ಕೀಲು ಉರಿಯುತ್ತದೆ, ಬಿಸಿಯಾಗುತ್ತದೆ, ರಕ್ತದಲ್ಲಿ ಅದರ ಗುರುತು ಸಿಗುತ್ತದೆ. ಇವಳ ರಕ್ತದ ಚೀಟಿಗಳಲ್ಲಿ ಒಂದು ಸಲವೂ ಆ ಗುರುತಿರಲಿಲ್ಲ. ಬೆನ್ನಿನ ಎಲುಬುಗಳು ಒತ್ತಿದಂತೆ ಚಪ್ಪಟೆಯಾಗಿದ್ದವು. ಇದು ಕೀಲಿನ ಮೆತ್ತನೆಯ ಎಲುಬು ಹುಟ್ಟುಗುಣದಿಂದಲೇ ಸವೆಯುವ ರೋಗ, ನೋಡಲು ಮಾತ್ರ ಸಂಧಿವಾತದಂತೆ ಇರುತ್ತದೆ. ಸ್ಟಿರಾಯ್ಡಿನಿಂದ ಇದಕ್ಕೆ ಕಾಳಿನಷ್ಟೂ ಉಪಯೋಗವಿಲ್ಲ. ಆಗುವುದೆಲ್ಲ ಕೇಡೇ. ಬೆಳವಣಿಗೆ ನಿಲ್ಲುತ್ತದೆ, ಇರುವ ಎಲುಬೂ ಸೊರಗುತ್ತದೆ. ಅವಳ ಮುಖ ಊದಿ ಗುಂಡಗಾಗಿತ್ತು, ಊರವರು ಅದನ್ನು ನೋಡಿ ಔಷಧ ಮೈಗೆ ಹತ್ತಿದೆ ಎನ್ನುತ್ತಿದ್ದರಂತೆ.

ಆ ಡಾಕ್ಟರನ್ನು ಹೋಗಿ ಕಂಡೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ, ಅವರು ಜಗಳಕ್ಕೆ ಸಿಗಲಿಲ್ಲ. ನನ್ನ ಮಾತನ್ನೆಲ್ಲ ಕೇಳಿ, "ನೀವು ಹೇಳೂದು ಖರೇ ಇರಬಹುದ್ರಿ. ಬಿಟ್ಟ ಮ್ಯಾಲ ಹುಡುಗಿ ಹಾಸಿಗಿ ಹಿಡದ್ರ ಆ ತಾಯಿಗಿ ನಾ ಏನ್ ಹೇಳ್ಲಿ? ಇದೇ ರೋಗ ಅಂತ ಪಕ್ಕಾ ಕಾಗದ ತರ್ರಿ, ಅವತ್ತೇ ಕಡಿಮಿ ಮಾಡಾಕ ಶುರು ಮಾಡ್ತೇನಿ" ಅಂದರು. ಆ ಕಾಗದ ನಮ್ಮ ಪ್ರಯೋಗಾಲಯದಿಂದಲೇ ಬರಬೇಕು.

ರಕ್ತ ತೆಗೆಯಲು ಕೂತಾಗ ಹುಡುಗಿ ಕೇಳಿದಳು, "ನೀವೂ ಸೂಜಿ ಚುಚ್ಚೋರೇ ಏನ್ರಿ?"

"ಒಂದೇ ಸಲ ಚುಚ್ತೇನಿ. ಉಳಿದ ಸೂಜಿ ಎಲ್ಲಾ ಬಿಡಿಸ್ತೇನಿ."

ಸಂಶೋಧನೆ ಮಾಡುವವರು ಹೀಗೆ ಮಾತು ಕೊಡಬಾರದು. ನಮಗೆ ತರಬೇತಿಯಲ್ಲಿ ಮೊದಲು ಕಲಿಸುವುದೇ ಅದು. ನಾಲಿಗೆ ಜಾರಿತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ, ನಾನು ತಿಳಿದೇ ಹೇಳಿದ್ದೆ. ಅವಳು ಗಂಟುಬೆರಳಿನ ಕೈಯನ್ನು ಮುಂದೆ ಚಾಚಿದಳು. ತಾಯಿ, ತಂದೆ ಇಬ್ಬರ ರಕ್ತವನ್ನೂ ತೆಗೆದುಕೊಂಡು ಬಂದೆ.

ಆರು ವಾರದ ನಂತರ ಹೈದರಾಬಾದಿನಿಂದ ನಮ್ಮ ಮಾರ್ಗದರ್ಶಕರ ಫೋನ್ ಬಂತು. ಹುಡುಗಿಯ ರಕ್ತದಲ್ಲಿ ನಾನು ಹೇಳಿದ ವಂಶವಾಹಿಯಲ್ಲೇ ದೋಷ ಸಿಕ್ಕಿದೆ, ಆದರೆ ಈ ಬಗೆಯ ಬದಲಾವಣೆಯನ್ನು ಹಿಂದೆ ಯಾರೂ ಕಂಡಿಲ್ಲ. ಇದೇ ರೋಗದ ಕಾರಣ ಎಂದು ಬರೆದುಕೊಡಬೇಕಾದರೆ ತಂದೆತಾಯಿಯರಲ್ಲಿ ಅದನ್ನು ತೋರಿಸಬೇಕು. ನಮ್ಮ ದೇಹದ ಇಂಥ ಪ್ರತಿಯೊಂದು ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ, ಅವ್ವನಿಂದ ಒಂದು, ಅಪ್ಪನಿಂದ ಒಂದು. ಅವರಿಬ್ಬರಲ್ಲೂ ಒಂದೊಂದು ಪ್ರತಿ ಕೆಟ್ಟು, ಇನ್ನೊಂದು ಪ್ರತಿಯ ಬಲದಿಂದ ಅವರು ಗಟ್ಟಿಮುಟ್ಟಾಗಿರಬೇಕು. ಎರಡೂ ಕೆಟ್ಟ ಪ್ರತಿ ಒಟ್ಟಿಗೆ ಬಂದಿದ್ದರಿಂದ ಮಗಳಿಗೆ ರೋಗ. ಇಲ್ಲಿ ಲೆಕ್ಕ ತಪ್ಪಿತ್ತು.

"ತಾಯಿಯಲ್ಲೂ ಇಲ್ಲ, ತಂದೆಯಲ್ಲೂ ಇಲ್ಲ. ಅಷ್ಟೇ ಅಲ್ಲ, ಆ ಹೆಂಗಸು ಈ ಮಗುವಿನ ತಾಯಿಯೇ ಅಲ್ಲ, ಆ ಗಂಡಸು ತಂದೆಯೂ ಅಲ್ಲ. ನೀವು ನಳಿಕೆ ಅದಲುಬದಲು ಮಾಡಿದ್ದೀರಿ" ಅಂದರು ಸರ್.

ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಯಾರ ನಳಿಕೆ ಯಾವುದೆಂದು ಬರೆದ ಮೇಲೂ ಎರಡು ಸಲ ಓದಿ ಹೇಳಿಸಿಕೊಳ್ಳುವವಳು. ಸಾಧ್ಯವೇ ಇಲ್ಲ ಸರ್, ಮತ್ತೊಮ್ಮೆ ತರುತ್ತೇನೆ ಎಂದು ಫೋನ್ ಇಟ್ಟೆ. ಮರುದಿನವೇ ಮಣ್ಣೂರಿಗೆ ಹೋದೆ.

"ಒಂದೇ ಸಲ ಅಂದಿದ್ರಿ" ಎಂದಳು ಹುಡುಗಿ. ಗೋಡೆ ಕಡೆ ಮುಖ ಮಾಡಿ ಕೈ ಕೊಟ್ಟಳು. ಇಷ್ಟು ವರ್ಷದಲ್ಲಿ ಎಷ್ಟೋ ಮಕ್ಕಳು ನನ್ನ ಸೂಜಿಗೆ ಚೀರಿವೆ, ಅದಾವುದೂ ನನಗೆ ಅಷ್ಟು ಚುಚ್ಚಿದ್ದಿಲ್ಲ.

ಎರಡನೆಯ ಸಲವೂ ಅದೇ ಫಲಿತಾಂಶ ಬಂತು. ಈ ಸಲ ಸರ್ ದನಿ ತಗ್ಗಿಸಿದರು. "ನಿಮ್ಮ ತಪ್ಪಲ್ಲ, ಕ್ಷಮಿಸಿ. ಆ ಹೆಂಗಸು ಮಗುವಿಗೆ ರಕ್ತಸಂಬಂಧಿ ಹೌದು, ತಾಯಿ ಅಲ್ಲ. ಇನ್ನೊಂದು ವಿಷಯ. ಮಗುವಿನ ನಿಜವಾದ ತಂದೆತಾಯಿ ತಮ್ಮತಮ್ಮಲ್ಲೇ ಸಂಬಂಧಿಕರು, ಅದೂ ಕಾಣುತ್ತದೆ. ನಿಮ್ಮ ನಕ್ಷೆಯಲ್ಲಿ ಹಾಗಿಲ್ಲ. ಈ ಕುಟುಂಬವನ್ನು ಅಧ್ಯಯನದಿಂದ ಕೈಬಿಡೋಣ. ಇಂಥದನ್ನೆಲ್ಲ ಕೆದಕಬಾರದು, ಮನೆ ಒಡೆಯುತ್ತದೆ."

"ಹುಡುಗಿಯ ಕಾಗದ?"

"ಅನುಮಾನವಿದೆ ಎಂದಷ್ಟೇ ಬರೆಯಬಹುದು."

ಅನುಮಾನದ ಕಾಗದಕ್ಕೆ ಆ ಡಾಕ್ಟರು ಗುಳಿಗೆ ನಿಲ್ಲಿಸುವುದಿಲ್ಲ. ಮನೆ ಒಡೆಯಬಾರದು ಎಂದು ಸರ್ ಹೇಳಿದ್ದು ಸರಿಯೇ, ಅದರಲ್ಲಿ ನನಗೂ ಎರಡು ಮಾತಿಲ್ಲ. ಹಾಗೆಂದು ಅವಳನ್ನು ಸೂಜಿಗೆ ಬಿಟ್ಟುಕೊಟ್ಟು ಬರಲು ನನ್ನ ಕಾಲು ಏಳಲಿಲ್ಲ. ಸರ್, ಹದಿನೈದು ದಿನ ಕೊಡಿ ಅಂದೆ. ಬೇಡ ಅನ್ನುವ ಮೊದಲೇ ಫೋನ್ ಇಟ್ಟುಬಿಟ್ಟೆ.

ಆ ವಾರ ಭೂಸನೂರಿನಲ್ಲಿ ಮನೆಯಲ್ಲಿದ್ದೆ. ಸೋಯರೆ, ಅಂದರೆ ನೆಂಟರ ಮನೆಯ ಮದುವೆ ಚೀಟಿ ತೋರಿಸಲು ನನ್ನ ಸಣ್ಣ ಕಾಕಾ ಬಂದಿದ್ದ. ಅಪ್ಪನ ಒಡಹುಟ್ಟಿದ ತಮ್ಮ ಅವನು. ಆದರೆ ಅವನ ಅಡ್ಡಹೆಸರು ಬೇರೆ, ಊರು ಬೇರೆ. ಕೂಸಿದ್ದಾಗಲೇ ನನ್ನ ಅಜ್ಜಿ ಅವನನ್ನು ಮಕ್ಕಳಿಲ್ಲದ ತನ್ನ ಅಕ್ಕನ ಉಡಿಯಲ್ಲಿ ಹಾಕಿದ್ದಳು. ಉಡಿಯಲ್ಲಿ ಹಾಕುವುದು ಎಂದರೆ ನಮ್ಮ ಕಡೆ ಕಾಗದ ಪತ್ರದ ಕೆಲಸವಲ್ಲ. ಅಕ್ಕ ಸೆರಗನ್ನು ಉಡಿ ಮಾಡಿ ಒಡ್ಡುತ್ತಾಳೆ, ತಂಗಿ ಅದರಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆಗೆ ಕೂಸನ್ನು ಇಡುತ್ತಾಳೆ. ಅಲ್ಲಿಗೆ ಮುಗಿಯಿತು. ಆಮೇಲೆ ಹೆತ್ತವಳು ನನ್ನ ಮಗ ಅನ್ನುವಂತಿಲ್ಲ. ಅಜ್ಜಿ ಸಾಯುವ ತನಕ ಅವನನ್ನು ಅಕ್ಕನ ಮಗ ಎಂದೇ ಕರೆದಳು. ಅವನು ಚಹಾ ಕುಡಿಯುವುದನ್ನು ನೋಡುತ್ತ ಕೂತವಳು ಹಣೆ ಬಡಿದುಕೊಂಡೆ. "ಏನಾತ್ ಬೇ?" ಎಂದು ಅವ್ವ ಗಾಬರಿಯಾದಳು. ನನ್ನ ಮನೆಯಲ್ಲೇ ಇದ್ದದ್ದು ನನಗೆ ಹೊಳೆದಿರಲಿಲ್ಲ. ಫಾರ್ಮಿನಲ್ಲಿ ತಾಯಿ ಎಂದು ತುಂಬಲು ಒಂದೇ ಕಾಲಂ ಇರುತ್ತದೆ, ನಾನೂ ಒಬ್ಬಳೇ ತಾಯಿಯನ್ನು ಕೇಳಿ ಬಂದಿದ್ದೆ.

ಆಗ ಇನ್ನೊಂದು ನೆನಪಾಯಿತು. ಮೊದಲ ದಿನ ಮಣ್ಣೂರಿನಲ್ಲಿ ನಾನು ತಾಯಿ ಕಾರ್ಡ್ ಕೇಳಿದ್ದೆ. ಬಸುರಿನಿಂದ ಹಿಡಿದು ಕೂಸಿನ ಲಸಿಕೆ ತನಕ ಎಲ್ಲ ಬರೆದಿಡುವ, ಹೆತ್ತವಳ ಹೆಸರಿರುವ ಕಾರ್ಡ್. "ಹೊಳಿ ಬಂದಾಗ ಹೋಯ್ತ್ರಿ" ಎಂದಿದ್ದಳು ಆಕೆ. ಐದು ವರ್ಷದ ಎಕ್ಸ್‌ರೇಗಳನ್ನು ಒಂದು ಹನಿ ನೀರು ತಾಗದಂತೆ ಕಾಪಾಡಿದ ಹೆಂಗಸು ಅದೊಂದನ್ನೇ ಹೊಳೆಗೆ ಬಿಟ್ಟಿದ್ದಳು.

ಹುಡುಗಿ ಶಾಲೆಗೆ ಹೋಗುವ ಹೊತ್ತು ನೋಡಿ ಹೋದೆ. ಮುದುಕಿಯೂ ಹೊಲಕ್ಕೆ ಹೋಗಿದ್ದಳು. ತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ. ಬಸ್ಸಿನಲ್ಲಿ ಬರುತ್ತ ನಾಲ್ಕು ಥರ ಮಾತು ಜೋಡಿಸಿಕೊಂಡಿದ್ದೆ, ನಾಲ್ಕೂ ಮರೆತುಹೋದವು.

"ನಮ್ಮ ಕಾಕಾನ್ನೂ ಉಡಿಯಾಗ ಹಾಕ್ಯಾರ್ರಿ" ಅಂದೆ.

ಆಕೆಯ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಹೊತ್ತತೊಡಗಿತು. ಅದನ್ನು ತೆಗೆದು ಬದಿಗಿಟ್ಟು, ಕೈಯ ಹಿಟ್ಟನ್ನು ಉಜ್ಜಿ ಉದುರಿಸಿ, ನನ್ನ ಕಣ್ಣಿಗೇ ಕಣ್ಣಿಟ್ಟು ಹೇಳಿದಳು.

"ನೀವು ಅಕಿ ಅವ್ವ ಯಾರು ಅಂತ ಕೇಳಿದ್ರಿ. ನಾನ ಅಂತ ಹೇಳ್ದೆ. ಸುಳ್ಳ ಹೇಳಿಲ್ಲ."

"ಇಲ್ಲ. ನಾನೇ ತಪ್ಪು ಕೇಳಿದೆ."

ಅವಳ ತಂಗಿಯನ್ನು ಜೇವರ್ಗಿ ಕಡೆಗೆ, ಸೋದರತ್ತೆಯ ಮಗನಿಗೇ ಕೊಟ್ಟಿದ್ದರು. ತಂಗಿಗೆ ಎರಡು ಗಂಡುಮಕ್ಕಳಾದ ಮೇಲೆ ಮೂರನೆಯದು ಈ ಹುಡುಗಿ. ಇವಳಿಗೆ ಹನ್ನೊಂದು ವರ್ಷ ಮಕ್ಕಳಾಗಿರಲಿಲ್ಲ. ಐದು ತಿಂಗಳ ಕೂಸನ್ನು ತಂಗಿ ಇವಳ ಉಡಿಯಲ್ಲಿ ಹಾಕಿದಳು. ಹುಡುಗಿಗೆ ಇದು ಗೊತ್ತಿಲ್ಲ. ಜೇವರ್ಗಿಯವರನ್ನು ಚಿಗವ್ವ, ಕಾಕಾ ಎಂದೇ ಕರೆಯುತ್ತಾಳೆ. ಇವಳ ಅಂಜಿಕೆ ಒಂದೇ.

"ನೆತ್ತರ ಕೊಡ್ರಿ ಅಂತ ನಾ ಹೋಗಿ ಕೇಳಿದ್ರ, ನಾಳಿಗಿ ಅವ್ರು ಮಗಳನ್ನ ಕೊಡು ಅಂತ ಬರೂದಿಲ್ಲೇನ್ರಿ? ಜಡ್ಡ ಮಾಡಿ ಇಟ್ಟಿ ನಮ್ಮ ಕೂಸಿಗಿ ಅಂದ್ರ ನನ್ನ ಬಾಯಾಗ ಏನ್ ಮಾತ ಅದ?"

ಜಡ್ಡು ನೀವು ಮಾಡಿದ್ದಲ್ಲ, ಹುಟ್ಟುವಾಗಲೇ ಜೊತೆಗೆ ಬಂದದ್ದು ಎಂದು ಹೇಳಿದೆ. ಅವಳ ಸಾಕಣೆಯಲ್ಲಿ, ಊಟದಲ್ಲಿ, ಅವಳು ಹೊತ್ತ ಹರಕೆಗಳಲ್ಲಿ ಎಲ್ಲೂ ಅವಳ ತಪ್ಪಿಲ್ಲವೆಂದು ಬಿಡಿಸಿ ಬಿಡಿಸಿ ಹೇಳಿದೆ. ಐದು ವರ್ಷದಿಂದ ಆಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಆಕೆ ಅತ್ತಳು, ನನಗೂ ಅಳು ಬಂತು. ಒಲೆಯ ಹೊಗೆ ಎಂದು ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡೆವು. ಕೊನೆಗೆ ಆಕೆ ಕೇಳಿದ್ದು ಇಷ್ಟೇ: "ಕಾಗದ ಬಂದ್ರ ಸೂಜಿ ಖರೇ ಬಿಡ್ತಾವೇನ್ರಿ?" ಬಿಡುತ್ತವೆ ಅಂದೆ. "ರೋಗ ಹೋಗ್ತದೇನ್ರಿ?" ಇಲ್ಲ ಅಂದೆ. ಆ ಎರಡನೆಯ ಉತ್ತರ ಕೇಳಿದ ಮೇಲೆಯೇ ಆಕೆ ನನ್ನನ್ನು ಪೂರ್ತಿ ನಂಬಿದಳು ಅನಿಸುತ್ತದೆ. "ನಾಳಿಗಿ ಜೇವರ್ಗಿಗಿ ಹೋಗೂನು" ಅಂದಳು.

ಜೇವರ್ಗಿಯ ತನಕ ಬಸ್ಸಿನಲ್ಲಿ ಆಕೆ ನನ್ನ ಡಬ್ಬಿಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಯಾರೂ ಅದರ ಮೇಲೆ ಕೂರಲಿಲ್ಲ.

ತಂಗಿಯ ಮನೆಯಲ್ಲಿ ಗಂಡನೂ ಇದ್ದ. ಅಕ್ಕ ಎಲ್ಲವನ್ನೂ ಹೇಳಿ ಮುಗಿಸುವುದರೊಳಗೆ ತಂಗಿ ಕುಪ್ಪಸದ ತೋಳು ಮೇಲೆ ಸರಿಸಿದ್ದಳು. "ಯಾ ಕೈ ಬೇಕ್ರಿ? ಎರಡೂ ಬೇಕೇನ್ರಿ?" ಅಂದಳು. ಅವಳಿಂದ ತೊಂದರೆಯಾಗಲಿಲ್ಲ. ಗಂಡ ಕದಲಲಿಲ್ಲ. ಹೊಳೆಯಾಚೆಯ ಗುಡ್ಡದಂತೆ ಕಟ್ಟೆಯ ಮೇಲೆ ಕೂತಿದ್ದ.

"ಕೊಟ್ಟ ಮ್ಯಾಲ ಕೊಟ್ಟಂಗ್ರಿ. ಮಂದಿ ಮುಂದ ಮಾತ ಕೊಟ್ಟೇನಿ, ಅಕಿ ನನ್ನ ಮಗಳಲ್ಲ ಅಂತ. ಈಗ ಕಾಗದದ ಮ್ಯಾಲ ಮತ್ತ ಅಪ್ಪ ಆಗು ಅಂದ್ರ ಹೆಂಗ್ರಿ? ಆಗೂದಿಲ್ಲ."

ನಾನು ಅಂದುಕೊಂಡದ್ದೇ ಬೇರೆ. ರೋಗದ ಮೂಲ ತನ್ನ ಮನೆತನ ಎಂದಾಗುತ್ತದೆಂದು ಹಿಂಜರಿಯಬಹುದು, ಇಲ್ಲವೇ ಮಗಳನ್ನು ವಾಪಸ್ ಕೇಳಬಹುದು ಎಂದು ಅದಕ್ಕೆಲ್ಲ ಉತ್ತರ ಸಿದ್ಧ ಮಾಡಿಟ್ಟಿದ್ದೆ. ಈತ ಬೇಡವೆಂದದ್ದು ಕೊಟ್ಟ ಮಾತಿಗೆ ಕಟ್ಟುಬಿದ್ದು. ಮೊದಲು ಸಮಾಧಾನದಿಂದ ಹೇಳಿದೆ. ಹೆಸರಿರುವುದಿಲ್ಲ, ಬರೀ ನಂಬರ್ ಇರುತ್ತದೆ ಅಂದೆ. ತಲೆಯಲ್ಲಾಡಿಸಿದ. ಆಮೇಲೆ ನನ್ನ ಬುದ್ಧಿ ಕೆಟ್ಟಿತು. ನಿಮ್ಮ ಮಾತು ದೊಡ್ಡದೋ ಆ ಹುಡುಗಿಯ ಎಲುಬು ದೊಡ್ಡದೋ, ತಿಂಗಳಿಗೊಂದು ಸೂಜಿ ನಿಮಗೆ ಚುಚ್ಚಿದರೆ ಗೊತ್ತಾಗುತ್ತಿತ್ತು ಎಂದು ಒದರಿದೆ. ಆತ ಎದ್ದು ಚಪ್ಪಲಿ ಮೆಟ್ಟಿದ. ಒಪ್ಪಿಗೆ ಪಡೆಯುವಾಗ ಜನರನ್ನು ಹೀಗೆ ಒತ್ತಾಯಿಸಬಾರದು ಎಂದು ಬೇರೆಯವರಿಗೆ ಪಾಠ ಹೇಳಿದವಳು ನಾನು. ಮಾಡಿದ್ದು ತಪ್ಪು, ಹದಿನೈದು ದಿನದ ಕೆಲಸ ಒಂದು ಬೈಗುಳದಲ್ಲಿ ಹಾಳಾಯಿತು ಅಂದುಕೊಂಡೆ.

ಆಗ ಅಕ್ಕ ಬಾಗಿಲಿಗೆ ಅಡ್ಡ ಬಂದು ನಿಂತಳು. ಸೆರಗಿನ ತುದಿ ಹಿಡಿದು ಉಡಿ ಒಡ್ಡಿದಳು.

"ನಿನಗ ಅಪ್ಪ ಆಗು ಅಂತ ಯಾರ ಹೇಳ್ಯಾರ? ಅಕಿ ಅಪ್ಪ ಮಣ್ಣೂರಾಗ ಹೊಲದಾಗ ಇದ್ದಾನ. ನೀ ಅಕಿ ಕಾಕಾ. ಅಣ್ಣನ ಮಗಳಿಗಿ ಕಾಕಾ ನೆತ್ತರ ಕೊಡೂದಿಲ್ಲೇನು? ಕಾಕಾ ಆಗೇ ಕೊಡು."

ಆತ ಆ ಖಾಲಿ ಉಡಿಯನ್ನು ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದ. ಅಂಗಿಯ ತೋಳು ಮಡಚಿ, "ಕಾಕಾ ಅಂತ ಬರ್ಕೋರಿ" ಅಂದ.

ನಿಮ್ಮನ್ನು ಬೈದದ್ದು ನನ್ನ ತಪ್ಪು, ಮನಸ್ಸಿಲ್ಲದಿದ್ದರೆ ಈಗಲೂ ಬೇಡವೆನ್ನಬಹುದು ಎಂದು ಹೇಳಿದೆ. "ತಗೋರಿ ತಗೋರಿ, ಬಸ್ ಹೋಗ್ತದ" ಅಂದ. ನಳಿಕೆಯ ಮೇಲೆ ನಂಬರ್ ಬರೆದೆ. ಅವನೆದುರಿಗೆ ನನ್ನ ಡೈರಿಯಲ್ಲಿ ಮಾತ್ರ, ಆ ನಂಬರಿನ ಮುಂದೆ, ಕಾಕಾ ಎಂದು ಬರೆದು ತೋರಿಸಿದೆ.

ಐದು ವಾರಕ್ಕೆ ಕಾಗದ ಬಂತು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇತ್ತು, ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಎಲ್ಲ ಹೊಂದಿತು. ಸರ್ ಫೋನಿನಲ್ಲಿ ಶಹಬ್ಬಾಸ್ ಅಂದರು, ಇನ್ನೊಮ್ಮೆ ಮಾತಿನ ನಡುವೆ ಫೋನ್ ಇಡಬೇಡಿ ಎಂದೂ ಸೇರಿಸಿದರು. ನಾನು ಕಾಗದ ಹಿಡಿದು ಅದೇ ಡಾಕ್ಟರ ಬಳಿ ಹೋದೆ. ಅವರು ಎರಡು ಸಲ ಓದಿ, ಆಡಿದ ಮಾತಿನಂತೆ ಅವತ್ತೇ ಸೂಜಿ ನಿಲ್ಲಿಸಿದರು. ಗುಳಿಗೆಯನ್ನು ಒಮ್ಮೆಲೇ ಬಿಡುವಂತಿಲ್ಲ, ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಒಂದಿದ್ದದ್ದು ಮುಕ್ಕಾಲಾಗಿ, ಅರ್ಧವಾಗಿ, ಕಾಲಾಗಿ, ತಿಂಗಳುಗಟ್ಟಲೆ ಹಿಡಿಯಿತು. "ಸುಳ್ಳ ಅಲ್ಲ ಹಂಗಾರ ನೀವು" ಎಂದಳು ಹುಡುಗಿ, ಸೂಜಿಯಿಲ್ಲದ ಮೊದಲ ತಿಂಗಳು ಮುಗಿದ ದಿನ. ನನಗೆ ಸಿಕ್ಕ ಯಾವ ಪ್ರಮಾಣಪತ್ರವೂ ಅದಕ್ಕೆ ಸಮವಲ್ಲ.

ಕಾಗದದ ಜೊತೆಗೆ ತಿದ್ದಿದ ನಕ್ಷೆಯನ್ನೂ ಮಣ್ಣೂರಿಗೆ ಒಯ್ದಿದ್ದೆ. ಹುಡುಗಿ ಶಾಲೆಯಲ್ಲಿದ್ದಳು. ಹೆಸರುಗಳಿಲ್ಲ, ದುಂಡು ಮತ್ತು ಚೌಕಗಳು ಮಾತ್ರ. ಕಪ್ಪು ತುಂಬಿದ ದುಂಡು ಹುಡುಗಿ. ಜೇವರ್ಗಿಯ ಜೋಡಿಯಿಂದ ಅವಳಿಗೆ ಗಟ್ಟಿ ಗೆರೆ. ಮಣ್ಣೂರಿನ ಜೋಡಿಯಿಂದ ಚುಕ್ಕಿ ಗೆರೆ. ಜಗತ್ತಿನಲ್ಲೆಲ್ಲ ಇಂಥ ನಕ್ಷೆ ಬರೆಯುವ ಪದ್ಧತಿಯೇ ಹಾಗೆ, ಸಾಕಲು ಪಡೆದವರಿಂದ ಮಗುವಿಗೆ ಚುಕ್ಕಿ ಗೆರೆ. ತಾಯಿ ಅದರ ಮೇಲೆ ಬೆರಳಿಟ್ಟಳು.

"ಇದು ಯಾಕ ಹರದದ?"

ವಿವರಿಸಿ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ಗೂಡಿನಿಂದ ಮಗಳ ನೀಲಿ ಪೆನ್ನು ತಂದು, ನೆಲದ ಮೇಲೆ ಕಾಗದ ಹಾಸಿ, ಒಂದು ಚುಕ್ಕಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕೂಡಿಸುತ್ತ ಕೂಡಿಸುತ್ತ ಕಪ್ಪು ದುಂಡಿನ ತನಕ ತಂದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಪೆನ್ನು ಹಿಡಿದು ರೂಢಿಯಿಲ್ಲ, ಗೆರೆ ಅತ್ತಿತ್ತ ಹೊಯ್ದಾಡಿತು. "ಈಗ ಬರೋಬ್ಬರಿ ಆತು" ಎಂದು ಅದನ್ನು ಎಕ್ಸ್‌ರೇಗಳ ಚೀಲದಲ್ಲಿ ಇಟ್ಟಳು. ಸಂಶೋಧನೆಯ ಕಡತದಲ್ಲಿ ಇವತ್ತಿಗೂ ಚುಕ್ಕಿ ಗೆರೆಯೇ ಇದೆ. ಅದಕ್ಕೆ ನಾನೇನೂ ಮಾಡುವಂತಿಲ್ಲ.

ಇದೆಲ್ಲ ಆಗಿ ಎರಡು ವರ್ಷವಾಯಿತು. ಹುಡುಗಿಗೆ ಈಗ ಹನ್ನೊಂದು. ಮುಖದ ಊತ ಇಳಿದು ಅವಳ ನಿಜವಾದ ಮುಖ ಹೊರಗೆ ಬಂದಿದೆ, ಮೂಗು ಚಿಗವ್ವನದು. ರೋಗ ಹೋಗಿಲ್ಲ. ನಡಿಗೆ ಬಿಗಿಯಾಗಿದೆ, ಮುಂದೊಂದು ದಿನ ಚಪ್ಪೆಯ, ಅಂದರೆ ಸೊಂಟದ ಕೀಲಿನ ಆಪರೇಷನ್ ಬೇಕಾಗಬಹುದು. ನೀರಿನಲ್ಲಿ ಕೈಕಾಲು ಆಡಿಸುವ ವ್ಯಾಯಾಮವನ್ನು ಹೊಳೆಯ ದಂಡೆಯಲ್ಲಿ ಮಾಡಿಸುತ್ತಾರೆ. ಈ ತಿಂಗಳು ಹೋದಾಗ ತಾಯಿ ಬಾಗಿಲಲ್ಲೇ, "ಹೇಳೀನ್ರಿ ಅಕಿಗಿ. ಮಂದಿ ಬಾಯಿಂದ ಕೇಳೂದ ಬ್ಯಾಡ ಅಂತ ನಾನ ಹೇಳೀನಿ. ನೀವು ನಮ್ಮ ಕತಿ ಬರ್ಕೋತೇನಿ ಅಂದಿದ್ರಲ್ಲ, ಈಗ ಬರ್ಕೋರಿ" ಎಂದಳು.

ಹುಡುಗಿ ಆ ನಕ್ಷೆ ಕೇಳಿ ತೆಗೆಸಿಕೊಂಡಿದ್ದಳು. ನೆಲದ ಮೇಲೆ ಹಾಸಿಕೊಂಡು ಕೂತಿದ್ದಳು.

"ಮೇಡಮ್, ನಾ ಯಾವಾಕಿ ಇದರಾಗ?"

ಕಪ್ಪು ದುಂಡನ್ನು ತೋರಿಸಿದೆ. ಅಲ್ಲಿಂದ ಮೇಲಕ್ಕೆ ಹೋಗುವ ಎರಡು ಗೆರೆಗಳ ಮೇಲೂ ಗಂಟುಬೆರಳು ಎಳೆದಳು. ಒಂದು ಕಂಪ್ಯೂಟರಿನಲ್ಲಿ ಬರೆದದ್ದು, ನೆಟ್ಟಗಿತ್ತು. ಇನ್ನೊಂದರ ಹತ್ತಿರ ನಿಂತಳು. ತಾಯಿ ಒಲೆಯ ಮುಂದೆ ಇತ್ತ ನೋಡದೆ ಕೂತಿದ್ದಳು, ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು.

"ಅವ್ವಾ, ಇದು ನೀ ಹೊಡದದ್ದೇನು? ಎಷ್ಟ್ ಸೊಟ್ಟ ಆಗ್ಯಾದ ನೋಡು. ನಿನಗ ಒಂದ್ ಗೆರಿ ಹೊಡೀಲಾಕ ಬರೂದಿಲ್ಲ."

ಪಾಟಿಚೀಲದಿಂದ ಸ್ಕೇಲು ತೆಗೆದಳು. ಎಡಗೈ ಮುಂಗೈಯಿಂದ ಒತ್ತಿ ಹಿಡಿದು, ಪೆನ್ನನ್ನು ಹೆಬ್ಬೆರಳಿಗೂ ಅಂಗೈಗೂ ನಡುವೆ ಸಿಕ್ಕಿಸಿ, ಅವ್ವನ ದುಂಡಿನಿಂದ ತನ್ನ ದುಂಡಿನ ತನಕ ಒಂದೇ ಎಳೆತದಲ್ಲಿ ಗೆರೆ ಎಳೆದಳು.